ಅಪ್‌ಡೇಟ್: ಹಳದಿ ಫೋಟೊ ಸಮಸ್ಯೆ ಬಗೆಹರಿಯಿತು, ಪ್ಲಗಿನ್‌ದು ಇಲ್ಲ

ಹೊಸ ಕಂಪ್ಯೂಟರ್, ಹೊಸ ಆಪರೇಟಿಂಗ್ ಸಿಸ್ಟಮ್‌ಗೆ ಬಂದ ಮೇಲೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಫೋಟೊಗಳೆಲ್ಲ ಹಳದಿ ಕಾಣುತ್ತಿವೆ, ಹಳೇ ಪ್ಲಗಿನ್‌ಗಳೂ (ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು) ಮಾಯವಾಗಿವೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಹೆಚ್ಚಿನವರು ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನಪಟ್ಟಿದ್ದಿರಿ. ಡ್ರೈವರ್ ಹೊಸದು ಹಾಕಿದೆ, ಸಾಫ್ಟ್‌ವೇರಿನಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ ಆಫ್ ಮಾಡಿದೆ. ಏನೂ ಬದಲಾಗಲಿಲ್ಲ. ಆದರೆ ಅದೇ ಫೋಟೊ ಮಾಮೂಲಿ ವ್ಯೂವರಿನಲ್ಲಿ ಸರಿಯಾಗೇ ಕಾಣುತ್ತಿತ್ತು. ಸುಳಿವು ಸಿಕ್ಕಿದ್ದೇ ಅಲ್ಲಿ. ಎಡಿಟಿಂಗ್ ಸಾಫ್ಟ್‌ವೇರ್ ಮಾನಿಟರಿನ ಕಲರ್ ಪ್ರೊಫೈಲ್ (ಆ ಪರದೆ ಬಣ್ಣಗಳನ್ನು ಹೇಗೆ ತೋರಿಸುತ್ತದೆ ಅಂತ ಹೇಳುವ ಫೈಲ್) ಓದಿ, ಅದಕ್ಕೆ ತಕ್ಕಂತೆ ಬಣ್ಣ ತಿದ್ದಿ ತೋರಿಸುತ್ತದೆ. ನನ್ನ ವ್ಯೂವರ್ ಪ್ರೊಫೈಲ್ ಗೋಜಿಗೇ ಹೋಗುವುದಿಲ್ಲ. ಅಪ್‌ಗ್ರೇಡ್ ಜೊತೆ ತಾನಾಗಿ ಬಂದು ಕೂತಿದ್ದ ಪ್ರೊಫೈಲೇ ಸರಿಯಿರಲಿಲ್ಲ. ಕಲರ್ ಮ್ಯಾನೇಜ್‌ಮೆಂಟ್ ಸೆಟ್ಟಿಂಗಿಗೆ ಹೋಗಿ ಅದನ್ನು ತೆಗೆದು ಎಸ್‌ಆರ್‌ಜಿಬಿ (ಮಾಮೂಲಿ ಪರದೆಗಳಿಗೆ ಹೊಂದುವ ಸ್ಟ್ಯಾಂಡರ್ಡ್ ಪ್ರೊಫೈಲ್) ಹಾಕಿದೆ, ಸಾಫ್ಟ್‌ವೇರ್ ಮುಚ್ಚಿ ತೆರೆದೆ. ಮದುಮಗನ ಬಿಳಿ ಪಂಚೆ ಬಿಳಿಯಾಗೇ ಕಂಡಿತು!

ಇದು ಸದ್ಯಕ್ಕೆ ಅಷ್ಟೇ. ಪ್ರಿಂಟ್‌ಗೆ ಕಳಿಸುವವರು ಕ್ಯಾಲಿಬ್ರೇಟರ್ (ಪರದೆಯ ಬಣ್ಣ ಅಳೆಯುವ ಸಾಧನ) ಇಟ್ಟು ತಮ್ಮ ಪರದೆಗೇ ಪ್ರೊಫೈಲ್ ಮಾಡಿಕೊಳ್ಳುವುದು ಒಳ್ಳೆಯದು. ವೈಡ್ ಗ್ಯಾಮಟ್ ಪರದೆ (ಮಾಮೂಲಿಗಿಂತ ಹೆಚ್ಚು ಬಣ್ಣ ತೋರಿಸುವಂಥದ್ದು) ಇದ್ದರಂತೂ ಸುಮ್ನೆ ಎಸ್‌ಆರ್‌ಜಿಬಿ ಹಾಕಬೇಡಿ, ಬಣ್ಣ ಜಾಸ್ತಿ ಗಾಢವಾಗಿ ಕಾಣುತ್ತದೆ.

ಪ್ಲಗಿನ್ ವಿಷಯಕ್ಕೆ ಮಾತ್ರ ದಾರಿ ಇಲ್ಲ. ಅವು 32-ಬಿಟ್‌ನವು, ಅಂದರೆ ಹಳೇ ಮಾದರಿಯ ಪ್ರೋಗ್ರಾಂಗಳು. ಹೊಸ ಕಂಪ್ಯೂಟರಿನ 64-ಬಿಟ್ ಸಾಫ್ಟ್‌ವೇರ್ ಅವನ್ನು ಲೋಡ್ ಮಾಡುವುದಿಲ್ಲ, ಫೋಲ್ಡರ್ ಪೂರ್ತಿ ಕಾಪಿ ಮಾಡಿದರೂ ಅಷ್ಟೇ. ಪ್ಲಗಿನ್ ತಯಾರಿಸಿದವರು ಹೊಸ ಆವೃತ್ತಿಯನ್ನೂ ತಂದಿಲ್ಲ. ಹಾಗಾಗಿ ಹಳೇ ಕಂಪ್ಯೂಟರ್ ಮಾರುವ ಯೋಚನೆ ಬಿಟ್ಟಿದ್ದೇನೆ.