ಪದಚರ್ಚೆ: ‘ಹೇರು’ ಅಂದರೆ ಎಷ್ಟು? ಡರ್ಬಿಶೈರಿನ ಸೀಸದ ಗಣಿ ವ್ಯಾಜ್ಯದ ಕೆಲವು ಮಾತುಗಳು

ಎಲ್ಲರಿಗೂ ನಮಸ್ಕಾರ.

ಮೊದಲು ಪ್ರಶ್ನೆ ಕೇಳಿಬಿಡುತ್ತೇನೆ, ಹಿನ್ನೆಲೆ ಆಮೇಲೆ. ‘ಹೇರು’ ಅನ್ನುವ ಮಾತನ್ನು ಬರೀ ಲೆಕ್ಕದ ಅಳತೆಯಾಗಿ ಬಳಸಬಹುದೇ? ಅಂದರೆ ಒಂದು ಎತ್ತಿನ ಮೇಲಾಗಲಿ ಕುದುರೆಯ ಮೇಲಾಗಲಿ ಒಂದೇ ಸಲಕ್ಕೆ ಹೋಗದಷ್ಟು ತೂಕಕ್ಕೂ ‘ಒಂದು ಹೇರು’ ಅನ್ನಬಹುದೇ? ನಿಮ್ಮ ಕಡೆ ಹಾಗೆ ಹೇಳುವುದನ್ನು ಕೇಳಿದ್ದೀರಾ?

ವಿಷಯ ಏನೆಂದರೆ, ನನ್ನ ಮಗಳು ಇಂಗ್ಲೆಂಡಿನ ಡರ್ಬಿ ಹತ್ತಿರ ಇದ್ದಾಳೆ. ಅಲ್ಲಿ ನಾಲ್ಕೈದು ಕನ್ನಡದ ಮನೆಗಳ ಮಕ್ಕಳು ಭಾನುವಾರ ಸೇರಿ ಕನ್ನಡ ಓದುತ್ತಾರೆ. ಹೋದ ವರ್ಷ ನಾನು ಹೋಗಿದ್ದಾಗ ಅವರ ಅಪ್ಪ ಅಮ್ಮಂದಿರು ಒಂದು ಕೆಲಸ ಹಚ್ಚಿದರು. ಮಕ್ಕಳು ಬೆಳೆಯುತ್ತಿರುವ ಊರಿನ ಕತೆಯನ್ನೇ ಕನ್ನಡದಲ್ಲಿ ಬರೆದುಕೊಡಿ ಅಂದರು. ಖುಷಿಯಿಂದ ಒಪ್ಪಿಕೊಂಡೆ. ಆ ಸೀಮೆಯ ದೊಡ್ಡ ಕತೆ ಸೀಸದ ಗಣಿಯದು. ಅದರಲ್ಲೂ 17ನೇ ಶತಮಾನದಲ್ಲಿ ಗಣಿಗಾರರು, ಜಮೀನಿನ ಒಡೆಯರು ಮತ್ತು ಚರ್ಚು, ಈ ಮೂವರ ನಡುವೆ ನಡೆದ ವ್ಯಾಜ್ಯಗಳದು. ಬರೆಯಲು ಕೂತರೆ ಸಾಲು ಸಾಲಿಗೂ ಪದ ಸಿಗದೆ ನಿಂತುಬಿಡುತ್ತೇನೆ.

ಅಲ್ಲಿನ ಕಟ್ಟಳೆ ಹೀಗಿತ್ತು. ಡರ್ಬಿಶೈರಿನ ಗುಡ್ಡಗಾಡಾದ ಪೀಕ್ ಸೀಮೆಯ ಬಹುಭಾಗದಲ್ಲಿ ಯಾರು ಬೇಕಾದರೂ, ಯಾರ ನೆಲದಲ್ಲಿ ಬೇಕಾದರೂ ಸೀಸ ಹುಡುಕಬಹುದು. ಮನೆ, ತೋಟ, ಚರ್ಚಿನ ಅಂಗಳ, ಹೆದ್ದಾರಿ, ಇಷ್ಟನ್ನು ಮಾತ್ರ ಬಿಡಬೇಕು. ಸಿಕ್ಕಿದರೆ ಒಂದು ಅಳತೆ ಅದಿರನ್ನು ಅರಸನ ಅಧಿಕಾರಿಗೆ ಕೊಟ್ಟು ಗಣಿಯನ್ನು ತನ್ನ ಹೆಸರಿಗೆ ಮಾಡಿಕೊಳ್ಳಬಹುದು. ನೆಲದ ಒಡೆಯನ ಅಪ್ಪಣೆ ಬೇಕಿಲ್ಲ. 1288ರಲ್ಲಿ ಆಶ್‌ಬರ್ನ್ ಊರಿನಲ್ಲಿ ವಿಚಾರಣೆ ನಡೆದು ಈ ಕಟ್ಟಳೆಗಳು ಬರಹಕ್ಕೆ ಬಂದವು. ಒಡೆಯರಿಗೆ ಇದು ಹಿಡಿಸುವುದಾದರೂ ಹೇಗೆ? ಹ್ಯಾಡನ್‌ನ ಮ್ಯಾನರ್ಸ್ ಮನೆತನದವರು ತಮ್ಮ ಹೊಲಗಳಲ್ಲಿ ಈ ಕಟ್ಟಳೆ ನಡೆಯುವುದಿಲ್ಲ ಅಂತ ಪಟ್ಟು ಹಿಡಿದರು. ಗಣಿಗಾರರೂ ಬಿಡಲಿಲ್ಲ. ಚಂದಾ ಎತ್ತಿ ಲಂಡನ್ನಿನ ಕೋರ್ಟುಗಳವರೆಗೆ ಹೋದರು. ವಯಸ್ಸಾದವರು ಬಂದು ‘ನಮ್ಮ ಅಪ್ಪನ ಕಾಲದಿಂದ ಹೀಗೇ ನಡೆದಿದೆ’ ಅಂತ ಸಾಕ್ಷಿ ಹೇಳಿದರು.

ಇಲ್ಲೇ ಮೊದಲ ಪದ ಅಡ್ಡ ಬಂತು. ಇಂಗ್ಲಿಷಿನ ‘ಕಸ್ಟಮ್’ಗೆ ಏನು ಬರೆಯಲಿ? ಮೊದಲು ‘ಪದ್ಧತಿ’ ಅಂತ ಬರೆದೆ. ಪದ್ಧತಿ ಅಂದರೆ ಮದುವೆ ಮನೆಯ ಪದ್ಧತಿಯ ಹಾಗೆ ಕೇಳುತ್ತದೆ. ಅದರಲ್ಲಿ ಹಕ್ಕಿನ ವಾಸನೆ ಇಲ್ಲ. ನಿಜ ಹೇಳಬೇಕೆಂದರೆ ‘ಮಾಮೂಲು’ ಅನ್ನುವುದು ಇದಕ್ಕೆ ತಕ್ಕ ಮಾತು. ಹಿಂದಿನಿಂದ ನಡೆದು ಬಂದದ್ದು, ಆದ್ದರಿಂದಲೇ ಕೇಳಿ ಪಡೆಯಬಹುದಾದದ್ದು, ಎರಡೂ ಅರ್ಥ ಅದರಲ್ಲಿತ್ತು. ಆದರೆ ಇವತ್ತು ಮಾಮೂಲು ಅಂದರೆ ಲಂಚ. ಮಕ್ಕಳಿಗೆ ‘ಗಣಿಗಾರರು ತಮ್ಮ ಮಾಮೂಲಿಗಾಗಿ ಹೋರಾಡಿದರು’ ಅಂತ ಓದಿಸುವುದು ಹೇಗೆ? ಒಂದು ಒಳ್ಳೆಯ ಮಾತು ಹೀಗೆ ಕೆಟ್ಟದ್ದು ನೋಡಿ ಬೇಜಾರಾಯಿತು. ಸದ್ಯಕ್ಕೆ ‘ಕಟ್ಟಳೆ’ ಅಂತ ಇಟ್ಟುಕೊಂಡಿದ್ದೇನೆ.

‘ಅದಿರು’ ಬಗ್ಗೆ ನನಗೆ ಅನುಮಾನ ಇಲ್ಲ. ಅದಿರು ಅನ್ನಿ, ಅದುರು ಅನ್ನಿ, ಗಣಿಯಿಂದ ತೆಗೆದು ಇನ್ನೂ ಕರಗಿಸದೆ ಇರುವುದು ಅಂತಲೇ ಅರ್ಥ. ಹಾಗಿರುವಾಗ ‘ಕಚ್ಚಾ ಅದಿರು’ ಅಂತ ಯಾಕೆ ಬರೆಯುತ್ತಾರೋ. ಕಚ್ಚಾ ಅಲ್ಲದ ಅದಿರು ಇದೆಯಾ? ಇನ್ನೊಂದು, ‘ಸೀಸದ ಹೇರು’ ಅಂತ ಬರೆದಾಗ ಒಂದು ಹುಡುಗಿ ಬಾಟಲಿಗಳನ್ನು ಹೊತ್ತ ಕುದುರೆಯ ಚಿತ್ರ ಬರೆದಿದ್ದಳು. ಸೀಸ, ಸೀಸೆ ಎರಡೂ ಅವಳಿಗೆ ಒಂದೇ ಆಗಿತ್ತು. ‘ಸೀಸದ ಅದಿರಿನ ಹೇರು’ ಅಂತ ತಿದ್ದಿದೆ.

ಈಗ ಅಳತೆಗೆ ಬರೋಣ. ನನ್ನ ನಿಜವಾದ ತೊಡಕು ಇಲ್ಲೇ ಇರುವುದು.

ವರ್ಕ್ಸ್‌ವರ್ತ್ ಅನ್ನುವ ಊರಿನಲ್ಲಿ ಒಂದು ಹಿತ್ತಾಳೆಯ ಅಳತೆಪಾತ್ರೆ ಇದೆ. ಎಂಟನೇ ಹೆನ್ರಿಯ ಕಾಲದಲ್ಲಿ, 1513ರಲ್ಲಿ ಮಾಡಿಸಿದ್ದು. ದುಂಡಗಿಲ್ಲ, ಉದ್ದನೆಯ ತೊಟ್ಟಿಯ ಹಾಗಿದೆ. ಹತ್ತಿರ ಎಂಟು ಲೀಟರ್ ಹಿಡಿಯುತ್ತದೆ. ಇದನ್ನು ಸಭೆಯ ಮನೆಯಲ್ಲಿ ಸರಪಳಿ ಹಾಕಿ ತೂಗುಬಿಡಬೇಕು, ವ್ಯಾಪಾರಿಗಳಾಗಲಿ ಗಣಿಗಾರರಾಗಲಿ ಯಾವಾಗ ಬೇಕಾದರೂ ಬಂದು ತಮ್ಮ ಅಳತೆಯನ್ನು ಇದಕ್ಕೆ ಸರಿನೋಡಿಕೊಳ್ಳಬೇಕು ಅಂತ ಅದರ ಮೈಮೇಲೆಯೇ ಕೆತ್ತಿದ್ದಾರೆ. ಗಣಿಯ ಬಳಿ ಬಳಸುತ್ತಿದ್ದದ್ದು ಮರದ್ದು. ಇದರ ಹೆಸರು ‘ಡಿಶ್’. ನಾನು ‘ಕೊಳಗ’ ಅಂತ ಬರೆದೆ. ತಟ್ಟೆ, ಬಟ್ಟಲು ಅಂದರೆ ಊಟದ ಮನೆಗೆ ಹೋಗುತ್ತದೆ. ಕೊಳಗ ಅಂದರೆ ಅಳೆಯುವುದು, ಅಳೆಯುವಾಗ ಜಗಳ ಬರುವುದು, ಎರಡೂ ನೆನಪಾಗುತ್ತದೆ. ನಮ್ಮ ಕೊಳಗವೂ ಊರಿಂದ ಊರಿಗೆ ಬೇರೆ. ಅಲ್ಲಿಯೂ ಹಾಗೇ, ಹೈ ಪೀಕ್ ಭಾಗದ ಡಿಶ್ ವರ್ಕ್ಸ್‌ವರ್ತಿನದಕ್ಕಿಂತ ಸ್ವಲ್ಪ ದೊಡ್ಡದು. ಅಜ್ಜ ಕಣದಲ್ಲಿ ರಾಗಿ ಅಳೆಯುವಾಗ ‘ಒಂದು’ ಅನ್ನುತ್ತಿರಲಿಲ್ಲ. ‘ಲಾಭ’ ಅಂತ ಶುರು ಮಾಡಿ ಆಮೇಲೆ ಎರಡು, ಮೂರು. ಇದನ್ನು ಆ ಮಕ್ಕಳಿಗೆ ಹೇಳಿದ್ದೇ ತಡ, ಮನೆಯ ಅಕ್ಕಿಯನ್ನೆಲ್ಲ ಲಾಭ, ಎರಡು, ಮೂರು ಅಂತ ಅಳೆದು ಇಟ್ಟರು.

ಒಂಬತ್ತು ಡಿಶ್ ಸೇರಿದರೆ ಒಂದು ‘ಲೋಡ್’. ಇದಕ್ಕೆ ‘ಹೇರು’ ಅಂತ ಥಟ್ಟನೆ ಬರೆದುಬಿಟ್ಟೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ ಕೂರುವುದಿಲ್ಲ. ಸೀಸದ ಅದಿರು ಬಹಳ ಭಾರ. ಒಂದು ಡಿಶ್ ಅದಿರು ಸುಮಾರು 30 ಕಿಲೋ ತೂಗುತ್ತದೆ. ಒಂಬತ್ತು ಡಿಶ್ ಅಂದರೆ 270 ಕಿಲೋ. ಹೇರು ಹೊರುವ ಕುದುರೆ ನೂರು ಕಿಲೋ, ಅದಕ್ಕಿಂತ ಸ್ವಲ್ಪ ಜಾಸ್ತಿ ಹೊರುತ್ತದೆ, ಅಷ್ಟೇ. ಅಂದರೆ ಅವರ ಒಂದು ಲೋಡಿಗೆ ಎರಡೂವರೆ ಕುದುರೆ ಬೇಕು! ಲೋಡ್ ಅನ್ನುವುದು ಅಷ್ಟು ಹೊತ್ತಿಗೆ ಪ್ರಾಣಿಯ ಬೆನ್ನಿನಿಂದ ಇಳಿದು ಲೆಕ್ಕದ ಪುಸ್ತಕ ಸೇರಿಬಿಟ್ಟಿತ್ತು.

ನಮ್ಮಲ್ಲಿ ಹೇರು ಇನ್ನೂ ಬೆನ್ನಿನ ಮೇಲೇ ಇದೆಯಾ ಅನ್ನುವುದೇ ನನ್ನ ಪ್ರಶ್ನೆ. ಹಳೆಯ ಶಾಸನಗಳಲ್ಲಿ ಇಂಥ ಸರಕಿನ ಹೇರಿಗೆ ಇಷ್ಟು ಸುಂಕ ಅಂತ ಬರುತ್ತದೆ. ಹಳಗನ್ನಡದ ‘ಪೇಱು’ ಇದೇ. ಅಲ್ಲಿ ಅದು ಎತ್ತಿನ ಮೇಲಿನ ನಿಜವಾದ ಹೊರೆಯೋ, ಇಷ್ಟು ಕೊಳಗಕ್ಕೆ ಒಂದು ಹೇರು ಅನ್ನುವ ಲೆಕ್ಕವೋ? ಶಾಸನ ಓದಿದವರು ದಯವಿಟ್ಟು ತಿಳಿಸಿ. ನನಗೆ ಗೊತ್ತಿರುವ ಹೇರು ಕಡೂರಿನ ಕಡೆಯ ನನ್ನ ಅಜ್ಜಿಯ ಬಾಯಿಂದ ಬಂದದ್ದು. ಎತ್ತಿನ ಬೆನ್ನಿಗೆ ಅಡ್ಡಲಾಗಿ ಕಂಟಲೆ ಹಾಕಿ, ಎರಡೂ ಮಗ್ಗುಲಿಗೆ ಸಮನಾಗಿ ತುಂಬಬೇಕು. ಒಂದು ಕಡೆ ಜಗ್ಗಿದರೆ ಸಂಜೆಯೊಳಗೆ ಬೆನ್ನು ಹುಣ್ಣು ಅಂತ ಅವಳು ಹೇಳುತ್ತಿದ್ದಳು. ಆ ಮಾತು ಇಟ್ಟುಕೊಂಡು ಸೀಸದ ಅದಿರನ್ನು ಯೋಚನೆ ಮಾಡಿದೆ. ಒಂದು ಮಗ್ಗುಲಿಗೆ 50 ಕಿಲೋ ಅಂದರೆ ಅದಿರು ಬರೀ 13 ಲೀಟರಿನಷ್ಟು. ಒಂದು ಬಕೆಟ್ಟೂ ತುಂಬುವುದಿಲ್ಲ. ಚೀಲ ನೋಡಿದರೆ ಮುಕ್ಕಾಲು ಖಾಲಿ, ಕುದುರೆಗೆ ಮಾತ್ರ ಪೂರ್ತಿ ಹೇರು. ರಾಗಿ, ಮೆಣಸು ಹೇರಿದ ನಮ್ಮ ಕಣ್ಣಿಗೆ ಇದು ಕಾಣಿಸುವುದೇ ಕಷ್ಟ, ಅಲ್ವಾ?

ಹೇರು ಹೊಡೆದುಕೊಂಡು ಹೋಗುವವನಿಗೆ ಅಲ್ಲಿ ‘ಜ್ಯಾಗರ್’ ಅನ್ನುತ್ತಿದ್ದರು. ‘ಜ್ಯಾಗ್’ ಅಂದರೆ ಹೊರೆ, ಅದನ್ನು ಸಾಗಿಸುವವನು ಜ್ಯಾಗರ್. ಗಣಿಯಿಂದ ಕರಗಿಸುವ ಒಲೆಗೆ ಅದಿರು, ಅಲ್ಲಿಂದ ಬಾಟ್ರಿ ಅನ್ನುವ ಊರಿಗೆ ಸೀಸದ ಗಟ್ಟಿ. ಬಾಟ್ರಿಯಿಂದ ಆಚೆ ದೋಣಿಯಲ್ಲಿ ಹಲ್ ಬಂದರಿಗೆ. ಜ್ಯಾಗರ್‌ಗೆ ನಾನು ‘ಹೇರಿನವನು’ ಅಂತ ಬರೆದಿದ್ದೇನೆ. ಇದಕ್ಕಿಂತ ಒಪ್ಪುವ ಮಾತು ಬಯಲುಸೀಮೆಯಲ್ಲಿ ಇರಲೇಬೇಕು ಅನ್ನಿಸುತ್ತದೆ.

ಇನ್ನು ಎರಡು ತೆರಿಗೆಗಳು. ಒಂದು ‘ಲಾಟ್’, ಇನ್ನೊಂದು ‘ಕೋಪ್’. ವ್ಯಾಜ್ಯದ ಅರ್ಧ ಭಾಗ ಇವೆರಡರ ಮೇಲೇ ನಿಂತಿದೆ, ಹಾಗಾಗಿ ಹಾರಿಸಿ ಹೋಗುವಂತಿಲ್ಲ. ಅದಿರನ್ನು ಅಳೆಯುವಾಗ ಹದಿಮೂರನೇ ಡಿಶ್ ಅರಸನಿಗೆ, ಇಲ್ಲವೇ ಅವನಿಂದ ಗುತ್ತಿಗೆ ಹಿಡಿದವನಿಗೆ. ಇದು ಲಾಟ್. ಕೊಡುವವನು ಗಣಿಗಾರ, ಕೊಡುವುದು ಅದಿರಿನಲ್ಲಿ. ಕೋಪ್ ಅದಲ್ಲ. ಅದನ್ನು ಕೊಡುವವನು ಅದಿರು ಕೊಂಡ ವ್ಯಾಪಾರಿ, ಕೊಡುವುದು ದುಡ್ಡಿನಲ್ಲಿ. ವರ್ಕ್ಸ್‌ವರ್ತಿನಲ್ಲಿ ಲೋಡಿಗೆ ಆರು ಪೆನ್ನಿ. ಮೊದಲು ಕೊಳ್ಳುವ ಹಕ್ಕು ಲಾಟ್ ಪಡೆಯುವವನದು. ಅವನು ಕೊಳ್ಳದಿದ್ದರೆ ಬೇರೆಯವರು ಕೋಪ್ ಕಟ್ಟಿ ಅದಿರು ಒಯ್ಯಬಹುದು. ಅಳೆಯದೆ, ಕಟ್ಟದೆ ಹೇರು ಎದ್ದಿತೋ ಅದು ಕಳ್ಳ ಸಾಗಾಣಿಕೆ, ಅದಿರು ಜಪ್ತಿ.

‘ಕೋಪ್’ ಅಂತ ಹಾಗೇ ಬರೆದರೆ ನಮ್ಮವರು ಕೋಪ ಅಂತ ಓದುತ್ತಾರೆ. ‘ಲಾಟು’ ಅಂದರೆ ಅಂಗಡಿಯ ಸರಕಿನ ಲಾಟು. ಎರಡೂ ಬೇಡ. ಕೋಪ್‌ನ ಬೇರು ಹುಡುಕಿದರೆ ಡಚ್ ಕಡೆಯಿಂದ ಬಂದ ‘ಕೊಳ್ಳುವುದು’ ಅನ್ನುವ ಅರ್ಥದ ಪದ ಸಿಗುತ್ತದೆ. ಹಾಗಾದರೆ ‘ಕೊಳುಸುಂಕ’ ಅನ್ನಬಹುದೇ? ಕೊಳ್ಳುವವನು ಕಟ್ಟುವ ಸುಂಕ. ಹೇಳಲು ಸಲೀಸಾಗಿದೆ, ಯಾರು ಕಟ್ಟಬೇಕು ಅನ್ನುವುದೂ ಪದದಲ್ಲೇ ಇದೆ. ಲಾಟ್‌ಗೆ ‘ಆಯ’ ಅಂತ ಒಬ್ಬ ಗೆಳತಿ ಹೇಳಿದಳು. ಕಣದಲ್ಲಿ ರಾಶಿ ಅಳೆಯುವಾಗಲೇ ಕೊಡುತ್ತಿದ್ದರು ಅನ್ನುವುದು ಸರಿಯೇ. ಆದರೆ ಆಯ ಬಡಗಿಗೆ, ಕಮ್ಮಾರನಿಗೆ, ಅಗಸರಿಗೆ, ಮಾಡಿದ ಕೆಲಸಕ್ಕೆ ಕೊಡುವುದು. ಹದಿಮೂರನೇ ಡಿಶ್ ತೆಗೆದುಕೊಂಡವನು ಏನೂ ಕೆಲಸ ಮಾಡಿರಲಿಲ್ಲ. ಅದಕ್ಕೆ ಆಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ‘ಪಾಲುಗೊಳಗ’ ಅಂತ ಕಟ್ಟಿದ್ದೇನೆ. ಕಿವಿಗೆ ಹೇಗಿದೆ ಹೇಳಿ.

ಹುಟ್ಟುವಳಿಯಲ್ಲಿ ಹತ್ತನೇ ಪಾಲು ತನಗೆ ಸೇರಬೇಕು ಅನ್ನುವ ಚರ್ಚಿನ ಜಗಳ ಇನ್ನೂ ಸೊಗಸಾದದ್ದು. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಈ ಪಾಲು ವರ್ಷ ವರ್ಷ ಮತ್ತೆ ಬೆಳೆಯುವ ವಸ್ತುವಿಗೆ ಮಾತ್ರ. ಪೈರು, ಉಣ್ಣೆ, ಕುರಿಮರಿ ಇಂಥವಕ್ಕೆ. ಸೀಸ ತೆಗೆದರೆ ಮುಗಿಯಿತು, ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಚರ್ಚಿನ ಕಡೆಯವರು ಕಟ್ಟಳೆಯನ್ನೇ ಆಧಾರ ಮಾಡಿಕೊಂಡು ಕೇಳಬೇಕಾಯಿತು. ಗಣಿಗಾರರಿಗೆ ಬಲ ಕೊಟ್ಟ ಕಟ್ಟಳೆಯೇ ಇಲ್ಲಿ ಅವರಿಗೆ ಮುಳುವಾಯಿತು. ಈ ಭಾಗವನ್ನು ಕನ್ನಡದಲ್ಲಿ ಬರೆಯಲು ಸ್ವಲ್ಪವೂ ಕಷ್ಟವಾಗಲಿಲ್ಲ. ‘ಬೆಳೆ’ ಅನ್ನುವ ಒಂದೇ ಮಾತು ಎಲ್ಲವನ್ನೂ ಹೇಳಿಬಿಡುತ್ತದೆ.

ಗಣಿಯ ಅಧಿಕಾರಿ ‘ಬಾರ್‌ಮಾಸ್ಟರ್’. ಅಳೆಯುವವನು, ದಾಖಲೆ ಇಡುವವನು, ಗಣಿಯನ್ನು ವಶಕ್ಕೆ ಕೊಡುವವನು, ಎಲ್ಲ ಅವನೇ. ‘ಗಣಿ ಪಾರುಪತ್ಯಗಾರ’ ಅಂತ ಬರೆದಿದ್ದೇನೆ, ಯಾರಿಗಾದರೂ ಆಕ್ಷೇಪ ಇದ್ದರೆ ಹೇಳಿ. ಅವನ ಒಂದು ಕೆಲಸಕ್ಕಂತೂ ನಮ್ಮ ಭಾಷೆಯಲ್ಲಿ ಹೇಳಿ ಮಾಡಿಸಿದ ಪದ ಇದೆ. ಗಣಿಯ ಬಾಯಿಯ ಮೇಲೆ ಮರದ ರಾಟೆ ನಿಂತಿದ್ದರೆ ಗಣಿಗೆ ಒಡೆಯ ಇದ್ದಾನೆ ಅಂತ ಲೆಕ್ಕ. ಕೆಲಸ ನಿಂತಿದೆ ಅಂತ ದೂರು ಬಂದರೆ ಪಾರುಪತ್ಯಗಾರ ಹೋಗಿ ಆ ಮರಕ್ಕೆ ಚಾಕುವಿನಿಂದ ಒಂದು ಕಚ್ಚು ಹಾಕುತ್ತಾನೆ. ವಾರ ಬಿಟ್ಟು ಇನ್ನೊಂದು. ಮೂರು ಕಚ್ಚು ಬಿದ್ದರೂ ಗಣಿಗಾರ ಬಾರದಿದ್ದರೆ ಗಣಿ ಬೇರೆಯವನ ಪಾಲು. ನೋಟಿಸು ಇಲ್ಲ, ಕಾಗದ ಇಲ್ಲ. ಓದು ಬಾರದವನೂ ಮರ ನೋಡಿ ತಿಳಿದುಕೊಳ್ಳುತ್ತಾನೆ. ‘ಕಚ್ಚು’ ಬರೆದ ದಿನ ಮನಸ್ಸು ತುಂಬಿ ಬಂತು.

ಅದಿರು ಸಾಗಿಸುವ ದಾರಿಗೂ ಹೀಗೇ ಒಂದು ಕ್ರಮ. ಗಣಿಯಿಂದ ಹೆದ್ದಾರಿಗೆ, ಅದಿರು ತೊಳೆಯುವ ನೀರಿಗೆ ದಾರಿ ಕೊಡಲೇಬೇಕು. ಪಾರುಪತ್ಯಗಾರನೂ ಗಣಿಯ ವ್ಯಾಜ್ಯ ತೀರಿಸುವ ಗಣಿಸಭೆಯ ಪಂಚರಲ್ಲಿ ಇಬ್ಬರೂ ಕೈ ಚಾಚಿ ಸಾಲಾಗಿ ಹೊಲದಲ್ಲಿ ನಡೆಯುತ್ತಾರೆ. ಅವರು ಹಿಡಿಸಿದಷ್ಟು ಅಗಲವೇ ದಾರಿ. ಇದಕ್ಕೆ ‘ಬಂಡಿದಾರಿ’ ಅನ್ನಲೋ ‘ಹೇರುದಾರಿ’ ಅನ್ನಲೋ? ನನ್ನ ಮನಸ್ಸು ಎರಡನೆಯದರ ಕಡೆಗೆ.

1653ರಲ್ಲಿ ಅಲ್ಲಿನ ಗಣಿಸಭೆಯ ಅಧಿಕಾರಿ ಎಡ್ವರ್ಡ್ ಮ್ಯಾನ್‌ಲವ್ ಈ ಕಟ್ಟಳೆಗಳನ್ನೆಲ್ಲ ಪದ್ಯದಲ್ಲಿ ಬರೆದು ಅಚ್ಚು ಹಾಕಿಸಿದ. ಹದಿಮೂರನೇ ಡಿಶ್, ಆರು ಪೆನ್ನಿ, ಎಲ್ಲಾ ಪ್ರಾಸದಲ್ಲೇ ಇದೆ. ನಮ್ಮ ಪೈಕಿ ಪದ್ಯ ಕಟ್ಟಬಲ್ಲವರು ಯಾರಾದರೂ ಲಾಟ್, ಕೋಪ್ ಬರುವ ಜಾಗವನ್ನು ಮಕ್ಕಳು ಹಾಡುವಂತೆ ನಾಲ್ಕು ಸಾಲು ಮಾಡಿಕೊಟ್ಟರೆ ಬಹಳ ಉಪಕಾರ. ನಿಮಗೆ ‘ಕೊಳುಸುಂಕ’, ‘ಪಾಲುಗೊಳಗ’ ಹಿಡಿಸದಿದ್ದರೆ ಬೇರೆ ಪದ ಇಟ್ಟೇ ಮಾಡಿ.

ವರ್ಕ್ಸ್‌ವರ್ತಿನ ಚರ್ಚಿನ ಗೋಡೆಯಲ್ಲಿ ಒಂದು ಚಿಕ್ಕ ಕಲ್ಲಿನ ಕೆತ್ತನೆ ಇದೆ. ಹೆಗಲ ಮೇಲೆ ಗುದ್ದಲಿ, ಇನ್ನೊಂದು ಕೈಯಲ್ಲಿ ಬುಟ್ಟಿ ಹಿಡಿದ ಒಬ್ಬ ಗಣಿಗಾರ. ಬಾನ್ಸಾಲ್ ಅನ್ನುವ ಊರಿನಿಂದ ತಂದು ಇಲ್ಲಿ ಕೂರಿಸಿದ್ದು. ಅಲ್ಲಿಯವರು ಅವನನ್ನು ‘ಔಡ್ ಮ್ಯಾನ್’ ಅನ್ನುತ್ತಾರೆ. ತಮಗಿಂತ ಮುಂಚೆ ಅಗೆದವರಿಗೂ, ಅವರು ಅಗೆದು ಬಿಟ್ಟ ಹಳೆಯ ಗುಂಡಿಗಳಿಗೂ ಅದೇ ಹೆಸರು. ಮಕ್ಕಳು ಇವನನ್ನು ‘ಗಣಿ ತಾತ’ ಅಂತ ಕರೆಯಲು ಶುರು ಮಾಡಿದ್ದಾರೆ. ನಾನು ಅದನ್ನು ತಿದ್ದುವುದಿಲ್ಲ. ಆದರೆ ಅವನ ಕೈಯ ಬುಟ್ಟಿಗೆ ಮಂಕರಿ ಅನ್ನಬಹುದೇ, ಮಂಕರಿ ಅಂದರೆ ಅದಕ್ಕೆ ತುಂಬಾ ದೊಡ್ಡದಾಯಿತೇ? ನಿಮ್ಮ ಊರಿನಲ್ಲಿ ಒಂದೇ ಕೈಯಲ್ಲಿ ಹಿಡಿಯುವ ಬುಟ್ಟಿಗೆ ಏನನ್ನುತ್ತೀರಿ, ಊರಿನ ಹೆಸರಿನ ಜೊತೆಗೇ ಬರೆಯಿರಿ.