ಕಾಫಿ ಹೂವಿನ ನಡುವೆ ಮದುವೆ: ಮಾರ್ಚ್ ಕೊನೆಗೆ, 450 ಜನ, ತೋಟವೋ ಸಮಾಜವೋ?

ಸಿಲ್ವರ್ ಓಕ್
ಕೊಡಗಿನ ಸಿದ್ದಾಪುರ ಕಡೆಯ ರೊಬಸ್ಟಾ ಕಾಫಿ ತೋಟ, ಮಾರ್ಚ್ ಕೊನೇ ವಾರ. ಎರಡೂ ಕಡೆ ಕೊಡವರೇ. ಹುಡುಗನ ಆಫೀಸಿನವರು ಬೆಂಗಳೂರಿನಿಂದ 150 ಮಂದಿ, ಅದರಲ್ಲಿ ಸಸ್ಯಾಹಾರಿಗಳು ಜಾಸ್ತಿ. ಒಟ್ಟು 450. ಈವೆಂಟ್‌ನವರು ಕೊಟ್ಟ ಪ್ಲಾನ್ ಹೀಗಿದೆ: ಬಂಗಲೆ ಮುಂದಿನ ಹುಲ್ಲುಹಾಸಿನಲ್ಲಿ ತೆರೆದ ಮಂಟಪ, ಮೂರಡಿ ಎತ್ತರದ ಸ್ಟೇಜಿಗೆ ಒಂದೇ ಕಡೆ ಮೆಟ್ಟಿಲು, ಸುತ್ತ ಅರಳಿದ ಕಾಫಿ ಹೂ, ಹಿಂದೆ ಬಿಳಿ ಹೂವಿನ ಗೋಡೆ, ಸಂಜೆಗೆ ಮೆಣಸಿನ ಬಳ್ಳಿಗೆಲ್ಲ ಲೈಟು, ಹುಡುಗಿ ಬರುವಾಗ ಕೋವಿ ಗುಂಡು, ರಾತ್ರಿ ಹನ್ನೆರಡರ ತನಕ ಡಿಜೆ. ಮನೆಯ ಹಿರಿಯರು ಮಾತ್ರ ವಿರಾಜಪೇಟೆ ಕೊಡವ ಸಮಾಜದ ಹಾಲ್ ಹಿಡಿಯಿರಿ ಅಂತಿದ್ದಾರೆ. ಗೊತ್ತಿದ್ದವರು ಹೇಳಿ.

ತೋಟದಲೆಕ್ಕ
ಹೂವಿನ ವಿಷಯ ಮೊದಲು ಬಿಡಿಸಿಕೊಳ್ಳಿ. ಕಾಫಿ ಹೂ ಕ್ಯಾಲೆಂಡರ್ ನೋಡಿ ಅರಳೋದಲ್ಲ. ಒಣಗಿ ನಿಂತ ಮೊಗ್ಗಿಗೆ ಒಂದಿಂಚು ಮಳೆ ಬಿದ್ದ ಮೇಲೆ ಎಂಟು-ಹತ್ತು ದಿನಕ್ಕೆ ಅರಳುತ್ತೆ. ಅರಳಿದ ದಿನ ನೋಡಲು ಚೆಂದ, ಮಾರನೇ ದಿನ ಪರವಾಗಿಲ್ಲ, ಮೂರನೇ ದಿನಕ್ಕೆ ಕಂದು ತಿರುಗುತ್ತೆ. ಇಷ್ಟು ಸಣ್ಣ ಕಿಂಡಿಯೊಳಗೆ ಮುಹೂರ್ತ ಕೂರಿಸೋದು ಹೇಗೆ?

ಚಪ್ಪರದವ
ಮಳೆ ಕಾಯಬೇಕಾಗಿಲ್ಲ ಸಾರ್. ಸಿದ್ದಾಪುರ ಕಡೆ ರೊಬಸ್ಟಾಗೆ ಸ್ಪ್ರಿಂಕ್ಲರ್ ಇದ್ದೇ ಇರುತ್ತೆ. ಮದುವೆಗೆ ಒಂಬತ್ತು ದಿನ ಮುಂಚೆ ಬಂಗಲೆ ಸುತ್ತ ಎರಡು ಎಕರೆಗೆ ನೀರು ಕೊಟ್ಟರೆ ಆಯ್ತು. ಫೋಟೋಗೆ ಅಷ್ಟೇ ಸಾಕು.

ತೋಟದಲೆಕ್ಕ
ಹೇಳೋಕೆ ಸುಲಭ. ಒಂದೆಕರೆಗೆ ಒಂದಿಂಚು ಅಂದ್ರೆ ಒಂದು ಲಕ್ಷ ಲೀಟರಿಗೂ ಮೇಲೆ ನೀರು. ಎರಡು ಎಕರೆಗೆ ಎರಡು ಲಕ್ಷ, ಮಾರ್ಚಲ್ಲಿ ಕೆರೆ ತಳ ಕಾಣೋ ಹೊತ್ತಿಗೆ. ಇನ್ನೊಂದು, ತೋಟದ ಯಜಮಾನರು ಸಾಮಾನ್ಯವಾಗಿ ಅಷ್ಟರೊಳಗೆ ನೀರು ಹೊಡೆದು ಹೂ ಮುಗಿಸಿ ಎರಡನೇ ನೀರಿನ ಯೋಚನೆಯಲ್ಲಿರುತ್ತಾರೆ. ನಿಮಗೋಸ್ಕರ ಎರಡು ಎಕರೆ ತಡೆದು ಇಟ್ಟರು ಅಂತಲೇ ಇಟ್ಟುಕೊಳ್ಳಿ, ನಡುವೆ ಕಾಲಿಂಚು ಮಳೆ ಬಿದ್ದರೆ ಮೊಗ್ಗು ಅರ್ಧಂಬರ್ಧ ಬಿಚ್ಚಿ ಕೆಟ್ಟು ಹೋಗುತ್ತೆ. ಆಗ ಹೂವೂ ಇಲ್ಲ, ಮುಂದಿನ ವರ್ಷದ ಫಸಲೂ ಇಲ್ಲ. ಆ ನಷ್ಟ ಯಾರ ಬಿಲ್ಲಿಗೆ ಬರುತ್ತೆ ಅಂತ ಮೊದಲೇ ಬರೆಸಿಕೊಳ್ಳಬೇಕು. ಗೆಲ್ಲು ಮುರಿದು ಮಂಟಪಕ್ಕೆ ಕಟ್ಟುವ ಮಾತಂತೂ ಬೇಡ. ಒಂದೊಂದು ಗೊಂಚಲೂ ಕಾಯಿ ಕಟ್ಟೋದು.

ಜೇನಿನ ವಿಷಯ ಯಾರೂ ಎತ್ತಲ್ಲ. ಹೂ ಬಿಟ್ಟಾಗ ಹೆಜ್ಜೇನು ಎತ್ತರದ ಮರಗಳಿಗೆ ಬಂದು ಕೂರುತ್ತೆ. ಅದರ ಪಕ್ಕ ಡ್ರೋನ್ ಹಾರಿಸಿದರೆ, ಹೊಗೆ ಮೆಷಿನ್ ಬಿಟ್ಟರೆ ಎದ್ದು ಬರುತ್ತೆ. ರಾತ್ರಿ ಫ್ಲಡ್‌ಲೈಟ್ ಹಾಕಿದರೂ ಬೆಳಕಿಗೆ ಇಳಿಯುತ್ತೆ. ಜಾಗ ನೋಡೋಕೆ ಹೋದಾಗ ತಲೆ ಎತ್ತಿ ಮರ ನೋಡಿ, ಬರೀ ಹುಲ್ಲು ನೋಡಬೇಡಿ.

ಒಡಿಕತ್ತಿ
ಹೂ ಹಾಗಿರಲಿ. ಮೂರಡಿ ಎತ್ತರದ ಸ್ಟೇಜು, ಒಂದೇ ಕಡೆ ಮೆಟ್ಟಿಲು, ಹಿಂದೆ ಬಿಳಿ ಗೋಡೆ ಅಂತ ಪ್ಲಾನ್ ಕೊಟ್ಟಿದ್ದರೆ ಅವರಿಗೆ ಕೊಡವ ಮುಹೂರ್ತ ಗೊತ್ತಿಲ್ಲ. ಇಲ್ಲಿ ಪುರೋಹಿತರು ಮಾಡಿ ಮುಗಿಸಿ, ನೆಂಟರು ಕೂತು ನೋಡೋ ಮದುವೆ ಅಲ್ಲ. ಬಂದವರೆಲ್ಲ ಒಬ್ಬೊಬ್ಬರಾಗಿ ಹತ್ತಿರ ಹೋಗಿ, ಮುಕ್ಕಾಲಿ ಮೇಲೆ ಕೂತವರ ಮೊಣಕಾಲು, ಹೆಗಲು, ತಲೆಗೆ ಅಕ್ಕಿ ಹಾಕಿ, ಕಿಂಡಿಯಿಂದ (ಮೂತಿ ಇರುವ ಚೆಂಬು) ಹಾಲು ಕುಡಿಸಿ, ದುಡ್ಡು ಕೊಟ್ಟು ಇಳಿಯಬೇಕು. ಒಬ್ಬರಿಗೆ 20 ಸೆಕೆಂಡ್ ಹಿಡಿದರೂ 450 ಜನಕ್ಕೆ ಎರಡೂವರೆ ಗಂಟೆ. ಒಂದೇ ಮೆಟ್ಟಿಲಿದ್ದರೆ ಹತ್ತುವವರೂ ಇಳಿಯುವವರೂ ಡಿಕ್ಕಿ ಹೊಡೆದು ಮೂರೂವರೆ ಗಂಟೆಯಾಗುತ್ತೆ. ಊಟ ಸಂಜೆ ನಾಲ್ಕಕ್ಕೆ.

ವೇದಿಕೆ ಒಂದಡಿ ಎತ್ತರ ಸಾಕು. ಒಂದು ಕಡೆ ಹತ್ತಲು, ಇನ್ನೊಂದು ಕಡೆ ಇಳಿಯಲು ಐದೈದು ಅಡಿ ಅಗಲ ಇರಲಿ. ಮೆಟ್ಟಿಲಿಗಿಂತ ಇಳಿಜಾರು ಹಲಗೆ ಒಳ್ಳೇದು, ಹಿರಿಯರು ಸೀರೆ ಹಿಡಿದು ಹತ್ತಬೇಕಲ್ಲ. ಬಿಳಿ ಹೂವಿನ ಗೋಡೆ ಯಾಕೆ ಬೇಡ ಅಂದ್ರೆ ಮುಹೂರ್ತಕ್ಕೆ ಹುಡುಗ ಉಡೋದು ಬಿಳಿ ಕುಪ್ಯ, ಅಂದರೆ ಉದ್ದ ನಿಲುವಂಗಿ. ಬಿಳಿ ಮುಂದೆ ಬಿಳಿ ನಿಂತರೆ ಫೋಟೋದಲ್ಲಿ ತಲೆಬಟ್ಟೆ ಮತ್ತು ಚೇಲೆ (ಸೊಂಟದ ಪಟ್ಟಿ) ಮಾತ್ರ ಉಳಿಯುತ್ತೆ. ಹಿಂದೆ ಕಡು ಹಸಿರು ಇರಲಿ. ಬೈನೆ ಗರಿ, ಜರಿಗಿಡ, ಅಡಿಕೆ ಹೊಂಬಾಳೆ. ಹುಡುಗಿಯ ಕೆಂಪು ಸೀರೆಗೂ ಅದೇ ಒಪ್ಪುತ್ತೆ.

ಚಪ್ಪರದವ
ಹಸಿರು ಒಪ್ಪಿದೆ. ಬಣ್ಣ ಬೇಕಾದರೆ ಮಡಿಕೇರಿ ಸುತ್ತ ಬೆಳೆಯುವ ಆಂಥೂರಿಯಂ ಬಳಸಿ. ನೀರಲ್ಲಿಟ್ಟರೆ ಎರಡು ವಾರ ಬಾಳುತ್ತೆ, ಹಿಂದಿನ ದಿನ ಊರು ಕೂಡುವುದಕ್ಕೆ (ಊರಿನವರು ಸೇರುವ ಕಾರ್ಯಕ್ರಮ) ಇಟ್ಟಿದ್ದೇ ಮಾರನೇ ದಿನಕ್ಕೂ ಆಗುತ್ತೆ. ಒಂದು ಎಚ್ಚರ: ಗುಲಾಬಿಯ ಜೊತೆ ಕೋಲ್ಡ್ ರೂಮಿಗೆ ಹಾಕಬಾರದು. ಗುಲಾಬಿಗೆ 2-4 ಡಿಗ್ರಿ ಬೇಕು, ಆಂಥೂರಿಯಂ 12-13 ಡಿಗ್ರಿಗಿಂತ ಕೆಳಗೆ ಹೋದರೆ ಕಪ್ಪಗಾಗುತ್ತೆ. ಹೊರಗಿನಿಂದ ಬರುವ ಡೆಕೊರೇಟರುಗಳು ಒಂದೇ ಲಾರಿಯಲ್ಲಿ ಎಲ್ಲ ಹಾಕಿಕೊಂಡು ಬಂದು, ಬೆಳಿಗ್ಗೆ ಕಪ್ಪು ಹೂ ಎಣಿಸುತ್ತಾರೆ.

ಮೆಣಸಿನ ಬಳ್ಳಿಗೆ ಹ್ಯಾಲೊಜೆನ್ ಬೇಡವೇ ಬೇಡ, ಎಲೆ ಸುಟ್ಟುಹೋಗುತ್ತೆ. ಎಲ್‌ಇಡಿ ಸರವನ್ನು ಸಿಲ್ವರ್ ಓಕ್ ಮರದ ಕಾಂಡಕ್ಕೆ ಸೆಣಬಿನ ಹುರಿಯಲ್ಲಿ ಕಟ್ಟಿ. ಮೊಳೆ ಹೊಡೆಯೋದು, ತಂತಿ ಬಿಗಿಯೋದು ಎರಡೂ ಬೇಡ.

ಆದರೆ ತೋಟವನ್ನು ಪೂರ್ತಿ ಕೈಬಿಡಿ ಅನ್ನೋದನ್ನ ನಾನು ಒಪ್ಪಲ್ಲ. ಅಲ್ಯೂಮಿನಿಯಂ ಫ್ರೇಮಿನ ಜರ್ಮನ್ ಟೆಂಟ್ ಹಾಕಿದರೆ ಮಳೆಯೂ ಒಂದು, ಬಿಸಿಲೂ ಒಂದು.

ಕುಶಾಲನಗರದವ
ಟೆಂಟ್ ಒಳಗೆ ಮಳೆ ಬರಲ್ಲ ಸರಿ, ಟೆಂಟಿಗೆ ಬರೋದು ಹೇಗೆ? 300 ಜನ ಊರಿನವರು ಸ್ವಂತ ಗಾಡಿಯಲ್ಲಿ ಬರ್ತಾರೆ. ಬೆಂಗಳೂರಿನವರದ್ದೂ ಸೇರಿ 120 ಗಾಡಿ ಅಂದುಕೊಳ್ಳಿ. ಓಡಾಟದ ಜಾಗ ಸೇರಿ ಒಂದಕ್ಕೆ 250 ಚದರಡಿ, ಒಟ್ಟು 30,000 ಚದರಡಿ, ಸುಮಾರು 70 ಸೆಂಟ್ ಸಮತಟ್ಟು ನೆಲ. ತೋಟದಲ್ಲಿ ಅಂಥದ್ದು ಇರೋದು ಕಣ ಅಥವಾ ಗದ್ದೆ. ಮಾರ್ಚಲ್ಲಿ ಕಣದ ಮೇಲೆ ರೊಬಸ್ಟಾ ಒಣಗ್ತಾ ಇರುತ್ತೆ. ಉಳಿದಿದ್ದು ಗದ್ದೆ. ಹೂಮಳೆ ಒಂದು ಬಿದ್ದರೆ ಗದ್ದೆಗೆ ಇಳಿದ ಕಾರು ಟ್ರ್ಯಾಕ್ಟರ್ ಇಲ್ಲದೆ ಮೇಲೆ ಬರಲ್ಲ. ಯಾವ ಮಳೆಯಿಂದ ನಿಮಗೆ ಹೂ ಬೇಕೋ ಅದೇ ಮಳೆ ಪಾರ್ಕಿಂಗ್ ಮುಗಿಸುತ್ತೆ.

ಬೆಂಗಳೂರಿನವರನ್ನು ದೊಡ್ಡ ಬಸ್ಸಲ್ಲಿ ಕರೆಸಬೇಡಿ, ತೋಟದ ತಿರುವಿನಲ್ಲಿ 12 ಮೀಟರ್ ಬಸ್ಸು ತಿರುಗಲ್ಲ. ಮುಖ್ಯರಸ್ತೆಯಲ್ಲಿ ಇಳಿಸಿ ಟೆಂಪೊ ಟ್ರಾವೆಲರ್‌ನಲ್ಲಿ ಒಳಗೆ ತನ್ನಿ. ವಿಮಾನದಲ್ಲಿ ಬರುವವರಿದ್ದರೆ ಕಣ್ಣೂರು ಹತ್ತಿರ, ಆದರೆ ಮಾಕುಟ್ಟ ಘಾಟಿ ದಾಟಬೇಕು ಅಂತ ಮೊದಲೇ ಹೇಳಿ.

ಸಿಲ್ವರ್ ಓಕ್
ಕೋವಿ ಮತ್ತು ಡಿಜೆ ಬಗ್ಗೆ?

ಕುಶಾಲನಗರದವ
ಡಿಜೆ ಹತ್ತಕ್ಕೆ ಬಂದ್. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕಬಾರದು, ಇದು 2000ದ ಶಬ್ದಮಾಲಿನ್ಯ ನಿಯಮ. ಹತ್ತರ ಮೇಲೆ ಒಳಾಂಗಣ ಇದ್ದರೆ ಮಾತ್ರ. ಸಿದ್ದಾಪುರ, ಮಾಲ್ದಾರೆ ಕಡೆ ಆನೆ ಓಡಾಟ ಬೇರೆ. ರಾತ್ರಿ ತೋಟದ ರಸ್ತೆಯಲ್ಲಿ ಜನ ನಡೆದು ಹೋಗೋ ಥರ ಕಾರ್ಯಕ್ರಮ ಇಡಬೇಡಿ. ಉಳಿದ ಅನ್ನ, ಹಣ್ಣು ತೋಟದ ಗುಂಡಿಗೆ ಸುರಿಯೋದೂ ಬೇಡ, ವಾಸನೆಗೆ ಆನೆ ಬರುತ್ತೆ.

ಕೋವಿ: ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಲೈಸೆನ್ಸಿಗೆ. 2029ರ ವರೆಗೆ ಅದು ಮುಂದುವರಿದಿದೆ. ಸಂಭ್ರಮಕ್ಕೆ ಹೊಡೆಯಲು ಅದು ರಹದಾರಿ ಅಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ, ಅಜಾಗ್ರತೆಯಿಂದ ಸಂಭ್ರಮದ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಅಥವಾ ಎರಡೂ.

ಒಡಿಕತ್ತಿ
ಕಾನೂನು ಸರಿ. ಆದರೆ ಮನೆಯ ಅಂಗಳದಲ್ಲಿ ಹಿರಿಯರು ಆಕಾಶಕ್ಕೆ ಹೊಡೆಯುವ ಗುಂಡನ್ನೂ ಈವೆಂಟ್‌ನವರ ‘ಎಂಟ್ರಿ ಎಫೆಕ್ಟ್’ ಅನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಕೋವಿ ಬಲ್ಲವರು, ಖಾಲಿ ತೋಟ, ಜನರಿಂದ ದೂರ, ಅದು ಪದ್ಧತಿ. ಟೆಂಟ್ ಬಾಗಿಲಲ್ಲಿ, ಡಿಜೆ ಬೀಟಿಗೆ, ವಿಡಿಯೋದವನು ಕೈ ಎತ್ತಿದಾಗ ಹೊಡೆಯೋದು ಹುಚ್ಚು.

ಕುಶಾಲನಗರದವ
ಪದ್ಧತಿ ಬಲ್ಲವರು ಕುಡಿದಿರಲ್ಲ ಅನ್ನೋ ಗ್ಯಾರಂಟಿ ಇದ್ದರೆ ಸರಿ. ಮದುವೆ ಮನೆಯಲ್ಲಿ ಮಧ್ಯಾಹ್ನದ ಮೇಲೆ ಆ ಗ್ಯಾರಂಟಿ ನಾನು ಕೊಡಲ್ಲ. ಮದ್ಯದ ಮಾತು ಬಂತಲ್ಲ, ಅಬಕಾರಿಯಿಂದ ಸಿಎಲ್-5 ತಾತ್ಕಾಲಿಕ ಪರವಾನಗಿ ತೆಗೆಸಿ, ಬಾಟಲಿ ಕರ್ನಾಟಕದ್ದೇ ಇರಲಿ. ಮಾಹೆಯಲ್ಲಿ ಅಗ್ಗ ಅಂತ ಡಿಕ್ಕಿ ತುಂಬಿಸಿಕೊಂಡು ಬಂದರೆ ಚೆಕ್‌ಪೋಸ್ಟಲ್ಲೇ ಮದುವೆ.

ಒಡಿಕತ್ತಿ
ಅದಕ್ಕಿಂತ ಅಪಾಯ ಬಾಳೆ ಕಡಿಯೋದರಲ್ಲಿದೆ, ಅಂದರೆ ನೆಟ್ಟ ಬಾಳೆ ದಿಂಡನ್ನು ಒಡಿಕತ್ತಿಯಿಂದ (ಕೊಡವರ ಅಗಲ ಕತ್ತಿ) ತುಂಡು ಮಾಡುವ ಮದುವೆ ಶಾಸ್ತ್ರ, ಅದನ್ನ ಯಾರೂ ಕೇಳಲ್ಲ. ಸಿಮೆಂಟ್ ನೆಲ ಅಥವಾ ಹಲಗೆ ವೇದಿಕೆ ಆದರೆ ಬಾಳೆ ದಿಂಡು ನಿಲ್ಲಲ್ಲ. ಡೆಕೊರೇಟರು ನಡುವೆ ಕಬ್ಬಿಣದ ಸರಳು ತುರುಕಿ ನಿಲ್ಲಿಸ್ತಾರೆ. ಕಡಿಯುವವರಿಗೆ ಅದು ಕಾಣಲ್ಲ. ಒಡಿಕತ್ತಿ ಸರಳಿಗೆ ಬಡಿದು ಪುಟಿದರೆ ಹತ್ತಿರ ನಿಂತವರ ಗತಿ? ಮಣ್ಣಿನಲ್ಲಿ ಒಂದೂವರೆ ಅಡಿ ಹೂಳಿ, ಇಲ್ಲವೇ ಅರ್ಧ ಡ್ರಮ್ಮಿಗೆ ಒದ್ದೆ ಮರಳು ತುಂಬಿ ನಿಲ್ಲಿಸಿ. ದಿಂಡು ಅದೇ ಬೆಳಿಗ್ಗೆ ಕಡಿದದ್ದಾಗಿರಲಿ. ಎರಡು ದಿನ ಹಳೆಯದಾದರೆ ನಾರು ಜಗ್ಗುತ್ತೆ, ಒಂದೇ ಏಟಿಗೆ ತುಂಡಾಗಲ್ಲ. ಸುತ್ತ ಹತ್ತಡಿ ಹಗ್ಗ ಕಟ್ಟಿ, ಮೊಬೈಲ್ ಹಿಡಿದವರನ್ನ ಹೊರಗಿಡಿ.

ಅಡುಗೆಮನೆ
ನೀವೆಲ್ಲ ಹೂವು ಕೋವಿಯಲ್ಲೇ ಇದ್ದೀರಿ. ಈವೆಂಟ್‌ನವರ ಮೆನುವಲ್ಲಿ ಏನಿದೆ ಅಕ್ಕ? ಬೈಂಬಳೆ (ಕಣಿಲೆ), ಕಾಡು ಅಣಬೆ ಅಂತ ಬರೆದಿದ್ದರೆ ಹೊಡೆದು ಹಾಕಿ. ಎರಡೂ ಮಳೆಗಾಲದ್ದು, ಮಾರ್ಚಲ್ಲಿ ಸಿಗೋದು ಉಪ್ಪಲ್ಲಿಟ್ಟ ಕಣಿಲೆ, ಡಬ್ಬಿ ಅಣಬೆ. ಸಸ್ಯಾಹಾರಿಗಳಿಗೆ ಆ ಹೊತ್ತಿಗೆ ಎಳೆ ಹಲಸಿನಕಾಯಿ ಒಳ್ಳೇದು ಸಿಗುತ್ತೆ, ಪಂದಿ (ಹಂದಿ) ಕರಿಯ ಕಪ್ಪು ಮಸಾಲೆ ಅದಕ್ಕೂ ಹಿಡಿಯುತ್ತೆ. ಒಲೆ, ಪಾತ್ರೆ, ಬಡಿಸುವವರು ಪೂರ್ತಿ ಬೇರೆ ಇರಲಿ.

ಲೆಕ್ಕ: ಪಂದಿ ತಿನ್ನುವವರು 270 ಅಂದರೆ ಎಲುಬು ಸೇರಿ ತಲೆಗೆ ಕಾಲು ಕೆಜಿ, 70 ಕೆಜಿ ತರಿಸಿ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಕೆಜಿಗೆ ಒಂದು ದೊಡ್ಡ ಚಮಚ, ಅಂದರೆ ಒಟ್ಟು ಒಂದು ಲೀಟರ್. ಕೊನೆಗೆ ಹಾಕಬೇಕು, ಅಲ್ಯೂಮಿನಿಯಂ ಹಂಡೆಯಲ್ಲಿ ಬೇಡ, ಹುಳಿ ಹಿಡಿದು ಲೋಹದ ರುಚಿ ಬರುತ್ತೆ. ಕಡಂಬುಟ್ಟು (ಅಕ್ಕಿ ತರಿಯ ಹಬೆ ಉಂಡೆ) ತಲೆಗೆ ಮೂರು, 1,350. ಐವತ್ತು ಗ್ರಾಂ ಉಂಡೆಯಾದರೆ ಕೆಜಿ ತರಿಗೆ ಐವತ್ತೈದರ ಆಸುಪಾಸು ಬರುತ್ತೆ, 25 ಕೆಜಿ ತರಿ ಸಾಕು. ಹಿಟ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು, ಆರಿದರೆ ಹಬೆಯಲ್ಲಿ ಬಿರುಕು ಬಿಡುತ್ತೆ. ನೂಪುಟ್ಟು (ಒತ್ತು ಶ್ಯಾವಿಗೆ) 450 ಜನಕ್ಕೆ ಬೇಡ, ಬಿಸಿಬಿಸಿ ಒತ್ತುವ ಕೈಗಳು ಅಷ್ಟು ಸಿಗಲ್ಲ. ರಾತ್ರಿ ಊಟಕ್ಕೆ ಪಂದಿ ಕರಿಯ ತಟ್ಟೆ ಕೆಳಗೆ ಉರಿ ಆರದಂತೆ ನೋಡಿಕೊಳ್ಳಿ. ತಣ್ಣಗಾದರೆ ಮೇಲೆ ಬಿಳಿ ಕೊಬ್ಬು ಹೆಪ್ಪುಗಟ್ಟುತ್ತೆ, ಬೆಂಗಳೂರಿನವರು ಅದನ್ನೇ ಫೋಟೋ ತೆಗೀತಾರೆ.

ಚಪ್ಪರದವ
ಟೆಂಟೇ ಆದರೆ ಒಂದೆರಡು ಮಾತು. ಜನರೇಟರ್ 62.5 ಕೆವಿಎ, ಅಂದರೆ ಸುಮಾರು 50 ಕಿಲೋವ್ಯಾಟ್. ಸೌಂಡು, ಲೈಟು, ಫ್ರೀಜರ್, ನೀರಿನ ಮೋಟಾರ್ ಎಲ್ಲ ಎಳೆಯುತ್ತೆ. ಮುಕ್ಕಾಲು ಲೋಡಿಗೆ ಗಂಟೆಗೆ 11-12 ಲೀಟರ್ ಡೀಸೆಲ್. ಪಕ್ಕದಲ್ಲಿ ಇನ್ನೊಂದು ಸ್ಟ್ಯಾಂಡ್‌ಬೈ ಇರಲೇಬೇಕು, ಸೆಸ್ಕ್‌ನ ಕರೆಂಟ್ ಲೈನ್ ನಂಬಿ ಕೂರಬೇಡಿ, ಒಂದು ಗೆಲ್ಲು ಬಿದ್ದರೆ ಆ ರಾತ್ರಿ ಕತ್ತಲೆ. ಟೆಂಟಿನ ಗೂಟ ಒದ್ದೆ ಮಣ್ಣಲ್ಲಿ ಸಡಿಲ ಆಗುತ್ತೆ, ಕಾಲಿಗೆ ನೀರಿನ ಟ್ಯಾಂಕ್ ತೂಕ ಕಟ್ಟಿಸಿ. ನೆಲಕ್ಕೆ ಅರ್ಧ ಅಡಿ ಎತ್ತರಿಸಿ ಹಲಗೆ, ಇಳಿಜಾರಿನ ಮೇಲ್ಬದಿಗೆ ಚರಂಡಿ. ಟಾಯ್ಲೆಟ್ ಐವತ್ತು ಜನಕ್ಕೊಂದು, ಒಂಬತ್ತು.

ತೋಟದಲೆಕ್ಕ
ಈ ಪಟ್ಟಿಯ ದುಡ್ಡೆಲ್ಲ ಸಮಾಜದಲ್ಲಿ ಉಳಿಯುತ್ತೆ. ಮುಹೂರ್ತ, ಊಟ ವಿರಾಜಪೇಟೆಯಲ್ಲಿ ಮಾಡಿ. ಸಂಜೆ ನಾಲ್ಕೂವರೆಯಿಂದ ಕತ್ತಲಾಗುವ ತನಕ ತೋಟದ ಬಂಗಲೆಯಲ್ಲಿ ಹತ್ತಿರದ 100 ಜನಕ್ಕೆ ಚಹಾ, ವಾಲಗ, ಫೋಟೋ. ಗದ್ದೆಗೆ ಮೂವತ್ತು ಕಾರಷ್ಟೇ, ಮಳೆ ಬಂದರೆ ವರಾಂಡ ಸಾಕು. ಹೂ ಬಿಟ್ಟಿದ್ದರೆ ಅದೃಷ್ಟ.

ಚಪ್ಪರದವ
ಎರಡು ಕಡೆ ಡೆಕೊರೇಶನ್, ಎರಡು ಕಡೆ ಸಾಗಾಟ. ಅಷ್ಟೇನೂ ಉಳಿಯಲ್ಲ ಸಾರ್. ಸಮಾಜದ ಹಾಲಿನಲ್ಲಿ ಬೆಂಗಳೂರಿನವರಿಗೆ ತೋಟ ಕಂಡ ಹಾಗೂ ಆಗಲ್ಲ.

ಒಡಿಕತ್ತಿ
ಎಲ್ಲಿಯೇ ಮಾಡಿ, ತಾರೀಖು ಖಾಯಂ ಮಾಡುವ ಮುಂಚೆ ಆ ಊರಿನ ತಕ್ಕರನ್ನ (ಊರ ಮುಖ್ಯಸ್ಥರು) ಕೇಳಿ. ಮಾರ್ಚ್-ಏಪ್ರಿಲ್ ಊರ ದೇವರ ಹಬ್ಬದ ಕಾಲ. ಹಬ್ಬದ ಕಟ್ಟು (ನಿರ್ಬಂಧ) ಬಿದ್ದರೆ ಆ ಊರಲ್ಲಿ ಮದುವೆಯೂ ಇಲ್ಲ, ಪಂದಿಯೂ ಇಲ್ಲ. ಮುಂಗಡ ಕೊಟ್ಟ ಮೇಲೆ ಇದು ಗೊತ್ತಾದರೆ ಈವೆಂಟ್‌ನವರು ವಾಪಸ್ ಕೊಡಲ್ಲ.

ಸಿಲ್ವರ್ ಓಕ್
ಕಟ್ಟಿನ ವಿಷಯ ತಲೆಗೇ ಹೊಳೆದಿರಲಿಲ್ಲ, ನಾಳೆ ತಕ್ಕರಿಗೆ ಫೋನ್ ಮಾಡ್ತೇವೆ. ಸಮಾಜ ಪ್ಲಸ್ ಸಂಜೆ ತೋಟ ಅಂತ ಮನೆಯಲ್ಲಿ ಇಡ್ತೇನೆ. ಅಡುಗೆಮನೆಯವರೇ, ಸಂಜೆ ಚಹಾಕ್ಕೆ 100 ಜನಕ್ಕೆ ಏನು ಮಾಡಿಸಬಹುದು?

ಅಡುಗೆಮನೆ
ಬಾಳೆಹಣ್ಣಿನ ಪುಟ್ಟು, ಅಕ್ಕಿ ರೊಟ್ಟಿ ಜೊತೆ ತೋಟದ್ದೇ ಜೇನು, ಖಾರಕ್ಕೆ ಒಣ ಚಿಲ್ಲಿ ಪೋರ್ಕ್ 8 ಕೆಜಿ. ಕಾಫಿ ಫಿಲ್ಟರಿನದ್ದೇ ಇರಲಿ, ತೋಟಕ್ಕೆ ಕರೆದು ಮೆಷಿನ್ ಕಾಫಿ ಕೊಡಬೇಡಿ. 100 ಮಿಲಿ ಲೋಟಕ್ಕೆ ತಲೆಗೆ ಎರಡು ಅಂತ ಹಿಡಿದು 20 ಲೀಟರ್, ಹಾಲು ಅದರಲ್ಲಿ 15.