ಕೆಳಗಿನ ಒಲೆಯ ಬಿಸಿ ಮಹಡಿಗೆ ಹತ್ತುತ್ತಿಲ್ಲ, ಏನು ಮಾಡಲಿ?

ಮೇಲ್ಮಹಡಿ:
ಕೆಳಗೆ ಹಾಲ್‌ನಲ್ಲಿ ಸೌದೆ ಒಲೆ ಇದೆ. ಉರಿ ಹತ್ತಿ ಒಂದು ಗಂಟೆಯಾದರೆ ಸ್ವೆಟರ್ ಬಿಚ್ಚಬೇಕು, ಅಷ್ಟು ಸೆಕೆ. ಮೇಲೆ ಮಕ್ಕಳು ಮಲಗುವ ಕೋಣೆಯಲ್ಲಿ ಮಾತ್ರ ನೆಲಕ್ಕೆ ಕಾಲಿಟ್ಟರೆ ಜುಮ್ಮೆನ್ನುತ್ತದೆ. ಬಿಸಿ ಗಾಳಿ ತಾನಾಗೇ ಮೇಲೇರುತ್ತದೆ, ಅಲ್ವಾ? ಮೆಟ್ಟಿಲ ಬುಡದಲ್ಲಿ ಫ್ಯಾನ್ ಇಟ್ಟು ಮೇಲಕ್ಕೆ ಊದಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಒಲೆಯ ಮೇಲಿನ ಚಾವಣಿಯಲ್ಲಿ ತೂತು ಕೊರೆದು ಜಾಲರಿ ಹಾಕಿಸಿಬಿಡಲಾ?

ಕಬ್ಬಿಣದೊಲೆ:
ತೂತಿನ ಮಾತು ಆಮೇಲೆ, ಮೊದಲು ಫ್ಯಾನ್ ತಿರುಗಿಸಿ. ಬಿಸಿ ಗಾಳಿ ಮೇಲೆ ಹೋಗಬೇಕಾದರೆ ಅಲ್ಲಿ ತುಂಬಿಕೊಂಡಿರುವ ತಣ್ಣನೆ ಗಾಳಿ ಕೆಳಗಿಳಿಯಬೇಕು, ಅದಕ್ಕೆ ದಾರಿ ಇಲ್ಲದಿದ್ದರೆ ಎಷ್ಟು ಊದಿದರೂ ಅಷ್ಟೇ. ತಣ್ಣನೆ ಗಾಳಿ ಭಾರ. ಮೆಟ್ಟಿಲ ಮೇಲೆ ನೀರಿನ ಹಾಗೆ ಇಳಿದು ಬರುತ್ತದೆ, ನಿಮ್ಮ ಫ್ಯಾನ್ ಅದನ್ನೇ ತಡೆಯುತ್ತಿದೆ. ಫ್ಯಾನನ್ನು ಅಲ್ಲೇ ನೆಲದ ಮೇಲೆ ಇಡಿ, ಆದರೆ ಮುಖ ಒಲೆಯ ಕಡೆಗಿರಲಿ, ಸ್ಪೀಡ್ ಕಡಿಮೆ ಸಾಕು. ತಣ್ಣನೆ ಗಾಳಿ ಹಾಲ್‌ಗೆ ಬಂದಷ್ಟೂ ಬಿಸಿ ಗಾಳಿ ಚಾವಣಿಗೆ ಅಂಟಿಕೊಂಡು ಮೆಟ್ಟಿಲ ಕಡೆ ಹೋಗುತ್ತದೆ. ನೋಡಬೇಕಾದರೆ ಊದುಬತ್ತಿ ಹಚ್ಚಿ ಹಾಲ್ ಬಾಗಿಲಲ್ಲಿ ಹಿಡಿಯಿರಿ: ಮೇಲ್ಗಡೆ ಹೊಗೆ ಹೊರಕ್ಕೆ ಬಾಗುತ್ತದೆ, ಹೊಸ್ತಿಲ ಹತ್ತಿರ ಒಳಕ್ಕೆ. ಮಕ್ಕಳ ಕೋಣೆ ಬಾಗಿಲು ಮುಚ್ಚಿದ್ದರೆ ಇದೆಲ್ಲ ದಂಡ.

ಹೊಗೆಗೂಡು:
ಫ್ಯಾನ್ ವಿಷಯ ಸರಿ, ನಮ್ಮನೆಯಲ್ಲೂ ಹಾಗೇ ಮಾಡಿದ್ದೇವೆ. ಆದರೆ ಜಾಲರಿಗೆ ಅಂತ ಸುಮ್ನೆ ಕೊರೆಯಬೇಡಿ, ದಯವಿಟ್ಟು. ಕೆಳಗೆ ಬೆಂಕಿ ಬಿದ್ದರೆ ಹೊಗೆ ಅದೇ ತೂತಿನಿಂದ ನೇರ ಮಕ್ಕಳಿದ್ದಲ್ಲಿಗೆ ಹೋಗುತ್ತದೆ. ಹಾಕಿಸಲೇಬೇಕಿದ್ದರೆ ಬಿಸಿ ತಾಗಿದೊಡನೆ ತಾನೇ ಮುಚ್ಚಿಕೊಳ್ಳುವ ಫೈರ್ ಡ್ಯಾಂಪರ್ ಇರುವುದನ್ನು, ಕೆಲಸ ಗೊತ್ತಿರುವವರ ಕೈಯಿಂದ ಹಾಕಿಸಿ. ಇನ್ನೊಂದು, ಒಲೆ ಉರಿಯುವಾಗ ಆ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಬೇಡಿ. ಅದು ಒಳಗಿನ ಗಾಳಿ ಎಳೆದುಕೊಂಡರೆ ಕೊಳವೆಯಲ್ಲಿ ಹೋಗಬೇಕಾದ ಹೊಗೆ ವಾಪಸ್ ಮನೆಯೊಳಗೇ ಬರಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ನಿದ್ದೆಯಲ್ಲಿರುವವರಿಗೆ ಗೊತ್ತೇ ಆಗುವುದಿಲ್ಲ. ಅದರ ಅಲಾರಂ ಎರಡೂ ಮಹಡಿಯಲ್ಲಿದೆಯಾ?

ಮೇಲ್ಮಹಡಿ:
ನಿನ್ನೆ ರಾತ್ರಿ ಫ್ಯಾನ್ ತಿರುಗಿಸಿ ಇಟ್ಟೆ. ಮಕ್ಕಳ ಕೋಣೆ 14 ಡಿಗ್ರಿ ಇದ್ದದ್ದು ಎರಡು ಗಂಟೆಯಲ್ಲಿ 17 ಆಯಿತು. ಊದುಬತ್ತಿ ಹೊಗೆ ಹೊಸ್ತಿಲ ಹತ್ತಿರ ನೆಲಕ್ಕೆ ಮಲಗಿಕೊಂಡು ಒಲೆ ಕಡೆ ಹೋಯಿತು, ಮಕ್ಕಳು ಇನ್ನೊಮ್ಮೆ ತೋರಿಸು ಅಂತ ಹಟ ಹಿಡಿದರು. ಅಲಾರಂ ಕೆಳಗೆ ಮಾತ್ರ ಇತ್ತು. ಇವತ್ತು ಮೇಲಕ್ಕೂ ಒಂದು ತಂದು ಹಾಕಿದೆ. ಚಾವಣಿ ಕೊರೆಯುವ ಯೋಚನೆ ಬಿಟ್ಟೆ.